ಬೆನ್ನುಚೀಲದ ಪ್ರವಾಸದ ನಡುವೆ ಅನಾಥಾಲಯದಲ್ಲಿ ಸ್ವಯಂಸೇವೆ: ಹೋಗಬಹುದೇ, ಬೇಡವೇ?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಸಿಕ್ಕಿರುವ ಬಿಡುವಿನಲ್ಲಿ ಬೆನ್ನಿಗೊಂದು ಚೀಲ ಏರಿಸಿಕೊಂಡು ಕಾಂಬೋಡಿಯಾ, ಲಾವೋಸ್ ಮತ್ತು ವಿಯೆಟ್ನಾಂ ಸುತ್ತಿ ಬರಬೇಕೆಂದಿದ್ದೇನೆ. ಬರೀ ದೇವಾಲಯ, ಜಲಪಾತಗಳನ್ನು ನೋಡಿಕೊಂಡು ಬರುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ. ನಡುವೆ ಎರಡು ಮೂರು ವಾರವಾದರೂ ಬಡ ಮಕ್ಕಳ ಜೊತೆ ಕೆಲಸ ಮಾಡಬೇಕೆಂಬ ಆಸೆಯಿದೆ. ಕಾಂಬೋಡಿಯಾದ ಸಿಯೆಮ್ ರೀಪ್ ಪಟ್ಟಣದ ಹತ್ತಿರದ ಒಂದು ಅನಾಥಾಲಯಕ್ಕೆ ಇಮೇಲ್ ಬರೆದಾಗ ಮರುದಿನವೇ ಉತ್ತರ ಬಂತು. ಅನುಭವ ಬೇಕಾಗಿಲ್ಲ, ಅಲ್ಲಿನ ಭಾಷೆ ಬರಬೇಕಾಗಿಲ್ಲ, ಯಾವ ದಿನ ಬೇಕಾದರೂ ಬರಬಹುದು, ವಾರಕ್ಕಿಷ್ಟೆಂದು ಶುಲ್ಕ ಕಟ್ಟಿದರೆ ಊಟ, ವಸತಿ ಅಲ್ಲೇ ಆಗುತ್ತದೆ, ಬೆಳಗ್ಗೆ ಇಂಗ್ಲಿಷ್ ಹೇಳಿಕೊಟ್ಟು ಸಂಜೆ ಆಟ ಆಡಿಸಿದರೆ ಸಾಕು ಎಂದಿದ್ದಾರೆ. ಗೆಳತಿಯೊಬ್ಬಳು ಮಾತ್ರ "ಅಂಥ ಕಡೆ ಕಾಲಿಡಬೇಡ" ಎಂದು ಖಡಾಖಂಡಿತವಾಗಿ ಹೇಳುತ್ತಿದ್ದಾಳೆ. ಒಳ್ಳೆಯ ಮನಸ್ಸಿನಿಂದ ಹೋಗುವುದರಲ್ಲಿ ತಪ್ಪೇನಿದೆ ಎಂಬುದು ನನಗೆ ಅರ್ಥವಾಗುತ್ತಿಲ್ಲ. ಹೋಗಿ ಬಂದವರು, ಈ ಕ್ಷೇತ್ರದಲ್ಲಿ ದುಡಿಯುವವರು ಇದ್ದರೆ ದಯವಿಟ್ಟು ತಿಳಿಸಿ.

ಕಿಟಕಿಸೀಟು

ಅನುಭವ ಬೇಡ, ಭಾಷೆ ಬೇಡ, ನೀವು ಯಾರೆಂಬ ವಿಚಾರಣೆಯೂ ಬೇಡ ಎಂದಮೇಲೆ ಅವರಿಗೆ ಬೇಕಾಗಿರುವುದು ನೀವಲ್ಲ, ನೀವು ಕಟ್ಟುವ ಶುಲ್ಕ. ನಿಮ್ಮ ಗೆಳತಿ ಸರಿಯಾಗಿಯೇ ಹೇಳಿದ್ದಾರೆ.

ಎದುರುವಾದಿ

ಇಷ್ಟು ಅವಸರದಲ್ಲಿ ತೀರ್ಪು ಕೊಡುವುದು ಬೇಡ. ಮಕ್ಕಳಿಗೆ ಅನ್ನ, ಬಟ್ಟೆ, ಪುಸ್ತಕ ಒದಗಿಸಲು ಹಣ ಬೇಕು, ಅದನ್ನು ಯಾರಾದರೂ ಕೊಡಲೇಬೇಕು. ಶುಲ್ಕ ಕೇಳಿದ ಮಾತ್ರಕ್ಕೆ ಅದು ವ್ಯಾಪಾರವಾಗುವುದಿಲ್ಲ. ಸರ್ಕಾರದಿಂದ ಬಿಡಿಗಾಸೂ ಸಿಗದ ದೇಶಗಳಲ್ಲಿ ಪ್ರವಾಸಿಗರು ಕೊಡುವ ಹಣದಿಂದಲೇ ಎಷ್ಟೋ ಮಕ್ಕಳು ಎರಡು ಹೊತ್ತು ಉಣ್ಣುತ್ತಿರುವಾಗ, ದೂರದಲ್ಲಿ ಕುಳಿತು ಸಿದ್ಧಾಂತ ಹೇಳುವುದು ಹಸಿದವನ ಮುಂದೆ ಪಂಚಾಂಗ ಓದಿದಂತೆ. ದಾರಿಹೋಕರೇ, ಹೋಗಿ ನೋಡಿ, ಸರಿ ಕಾಣದಿದ್ದರೆ ಮರುದಿನ ಚೀಲ ಎತ್ತಿಕೊಂಡು ಹೊರಡಿ.

ಸಾಗರಿ

ನಾನು ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವಳು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕಾಂಬೋಡಿಯಾದ ವಿಷಯದಲ್ಲಿ ಊಹೆಯ ಅಗತ್ಯವೇ ಇಲ್ಲ. 2011ರಲ್ಲಿ ಅಲ್ಲಿನ ಸರ್ಕಾರ ಮತ್ತು ಯುನಿಸೆಫ್ ಸೇರಿ ಹೊರತಂದ ಅಧ್ಯಯನದ ಪ್ರಕಾರ 2005ರಿಂದ 2010ರ ನಡುವಿನ ಐದೇ ವರ್ಷಗಳಲ್ಲಿ ಮಕ್ಕಳ ವಸತಿ ಸಂಸ್ಥೆಗಳ ಸಂಖ್ಯೆ ಶೇಕಡಾ 75ರಷ್ಟು ಏರಿತ್ತು. ಆ ವರ್ಷಗಳಲ್ಲಿ ಅಲ್ಲಿ ಯುದ್ಧ ನಡೆಯುತ್ತಿರಲಿಲ್ಲ, ತಂದೆತಾಯಿಗಳು ಗುಂಪುಗುಂಪಾಗಿ ಸಾಯುತ್ತಲೂ ಇರಲಿಲ್ಲ. ಏರುತ್ತಿದ್ದುದು ಸಿಯೆಮ್ ರೀಪ್ ಬಳಿಯ ಅಂಕೋರ್ ದೇವಾಲಯಗಳನ್ನು ನೋಡಲು ಬರುವ ವಿದೇಶಿಯರ ಸಂಖ್ಯೆ. ಈ ಸಂಸ್ಥೆಗಳಲ್ಲಿದ್ದ ಮಕ್ಕಳ ಪೈಕಿ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ, ಅಥವಾ ಇಬ್ಬರೂ ಜೀವಂತವಾಗಿದ್ದರು.

ಹಾಗಾದರೆ ಮಕ್ಕಳು ಅಲ್ಲಿಗೆ ಬರುವುದು ಹೇಗೆ? ಹಳ್ಳಿಗೆ ಬಂದವನೊಬ್ಬ "ನಿಮ್ಮ ಮಗುವಿಗೆ ಪಟ್ಟಣದಲ್ಲಿ ಊಟ, ಶಾಲೆ, ಇಂಗ್ಲಿಷ್ ಎಲ್ಲ ಸಿಗುತ್ತದೆ" ಎನ್ನುತ್ತಾನೆ. ಬಡವರಾದ ತಂದೆತಾಯಿ ಮಗುವಿನ ಒಳಿತಿಗೆಂದೇ ಕಳುಹಿಸಿಕೊಡುತ್ತಾರೆ. ಬಂದ ಮಗುವನ್ನು ಪ್ರವಾಸಿಗರಿಗೆ ಅನಾಥವೆಂದು ತೋರಿಸಲಾಗುತ್ತದೆ. ದೇಣಿಗೆ ಬರುತ್ತಲೇ ಇರಬೇಕಾದರೆ ಮಗು ಬಡವಾಗಿಯೇ ಕಾಣಬೇಕು, ಮನೆಗೂ ಮರಳಬಾರದು. ಎದುರುವಾದಿಯವರೇ, ಎಲ್ಲ ಸಂಸ್ಥೆಗಳೂ ಹೀಗಿವೆ ಎಂದು ನಾನು ಹೇಳುವುದಿಲ್ಲ. ಆದರೆ ಪ್ರವಾಸಿಗರ ಹಣ ಹಸಿವನ್ನು ನೀಗಿಸುತ್ತಿದೆ ಎನ್ನುವಾಗ, ಅದೇ ಹಣ ಮಕ್ಕಳನ್ನು ಮನೆಯಿಂದ ಹೊರಗೆ ಎಳೆಯುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಅಲೆಮಾರಿ

ಸಾಗರಿಯವರು ಹೇಳಿದ್ದನ್ನು ಸಿಯೆಮ್ ರೀಪ್‌ನಲ್ಲಿ ಓಡಾಡಿದ ಯಾರೂ ಅಲ್ಲಗಳೆಯಲಾರರು. ನಾನಲ್ಲಿ ತಂಗಿದ್ದಾಗ ಸಂಜೆಯ ಮಾರುಕಟ್ಟೆಯಲ್ಲಿ ಮಕ್ಕಳೇ ಕರಪತ್ರ ಹಂಚುತ್ತಿದ್ದರು. ಅನಾಥಾಲಯದಲ್ಲಿ ಅಪ್ಸರಾ ನೃತ್ಯ, ಪ್ರವೇಶ ಉಚಿತ, ಕೊನೆಯಲ್ಲಿ ದೇಣಿಗೆಯ ಡಬ್ಬಿ. ಟುಕ್‌ಟುಕ್ ಚಾಲಕನೊಬ್ಬ ದೇವಾಲಯಗಳ ಪಟ್ಟಿಯ ಜೊತೆಯಲ್ಲೇ ಅನಾಥಾಲಯವನ್ನೂ ಸೇರಿಸಿ ದರ ಹೇಳಿದ. ರಾತ್ರಿ ಒಂಬತ್ತು ಗಂಟೆಗೆ ನಿದ್ದೆ ಮಾಡಬೇಕಾದ ಮಕ್ಕಳು ಅಪರಿಚಿತರೆದುರು ಕುಣಿಯುವುದನ್ನು ಯಾವ ದೇಶದವರೂ ತಮ್ಮ ಮಕ್ಕಳ ವಿಷಯದಲ್ಲಿ ಒಪ್ಪುವುದಿಲ್ಲ, ಅಲ್ಲಿ ಮಾತ್ರ ಚಪ್ಪಾಳೆ ತಟ್ಟುತ್ತಾರೆ.

ರಾಜಧಾನಿ ನಾಮ್ ಪೆನ್‌ನಲ್ಲಿ 1994ರಿಂದ ಬೀದಿ ಮಕ್ಕಳ ನಡುವೆ ಕೆಲಸ ಮಾಡುತ್ತಿರುವ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 2011ರಲ್ಲಿ, ಮಕ್ಕಳು ಪ್ರವಾಸಿ ತಾಣಗಳಲ್ಲ ಎಂಬ ಪ್ರಚಾರಾಂದೋಲನವನ್ನೇ ನಡೆಸಬೇಕಾಯಿತು. ಅದರ ಭಿತ್ತಿಪತ್ರದಲ್ಲಿ ಮಕ್ಕಳನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸಿ ಪ್ರವಾಸಿಗರು ಫೋಟೊ ತೆಗೆಯುವ ಚಿತ್ರವಿತ್ತು.

ದಾರಿಹೋಕ

ನಾನು ಕೇವಲ ನೋಡಲು ಹೋಗುತ್ತಿಲ್ಲ, ಪಾಠ ಹೇಳಲು ಹೋಗುತ್ತಿದ್ದೇನೆ. ಡಬ್ಬಿಗೆ ಹಣ ಹಾಕಿ ಹೋಗುವ ಪ್ರವಾಸಿಗೂ ಎರಡು ಮೂರು ವಾರ ಪ್ರೀತಿಯಿಂದ ಮಕ್ಕಳ ಜೊತೆ ಇರುವವನಿಗೂ ವ್ಯತ್ಯಾಸವಿಲ್ಲವೇ?

ಮನೋಲಹರಿ

ವ್ಯತ್ಯಾಸವಿದೆ, ಆದರೆ ನೀವು ಭಾವಿಸಿದ ದಿಕ್ಕಿನಲ್ಲಲ್ಲ. ಮಗುವಿನ ಮನಸ್ಸಿನ ದೃಷ್ಟಿಯಿಂದ ನೋಡಿದರೆ ಒಂದು ಗಂಟೆ ಬಂದು ಹೋದವರಿಗಿಂತ, ಮೂರು ವಾರ ಎತ್ತಿಕೊಂಡು ಮುದ್ದಾಡಿ ಆಮೇಲೆ ಮಾಯವಾದವರೇ ಹೆಚ್ಚು ನೋವು ಕೊಡುತ್ತಾರೆ. ನೀವು ಹೋದಮೇಲೆ ಇನ್ನೊಬ್ಬರು ಬರುತ್ತಾರೆ, ಅವರೂ ಹೋಗುತ್ತಾರೆ. ಪುಟ್ಟ ಮಗುವಿಗೆ ಬೇಕಾಗಿರುವುದು ದಿನವೂ ಬರುವ ಅದೇ ಮುಖ, ಅದೇ ಕೈ. ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯ ಕಾಲದಿಂದಲೂ ಇದು ತಿಳಿದ ವಿಷಯ. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಸಂಸ್ಥೆಗಳಲ್ಲಿದ್ದ 136 ಮಕ್ಕಳನ್ನು ಆಯ್ದುಕೊಂಡು, ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಲ್ಲಿ ಇರಿಸಿ ವರ್ಷಾನುಗಟ್ಟಲೆ ನಡೆಸಿದ ಅಧ್ಯಯನದಲ್ಲಿ, ಎರಡು ವರ್ಷ ತುಂಬುವುದರೊಳಗೆ ಕುಟುಂಬ ಸೇರಿದ ಮಕ್ಕಳ ಬೆಳವಣಿಗೆ ಎದ್ದು ಕಾಣುವಷ್ಟು ಉತ್ತಮವಾಗಿತ್ತು.

ಹೊಸಬರು ಬಂದ ತಕ್ಷಣ ಓಡಿ ಬಂದು ತಬ್ಬಿಕೊಳ್ಳುವ ಮಕ್ಕಳನ್ನು ಕಂಡು ಪ್ರವಾಸಿಗರು "ಎಷ್ಟು ಪ್ರೀತಿಯ ಮಕ್ಕಳು" ಎಂದು ಹಿಗ್ಗುತ್ತಾರೆ. ಅಪರಿಚಿತರನ್ನು ಕಂಡರೆ ಸ್ವಲ್ಪವೂ ಅಳುಕದೆ ಮೈಮೇಲೆ ಬೀಳುವುದು ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಲ್ಲಿ ಕಾಣುವ, ಚಿಂತೆಗೆ ಕಾರಣವಾಗಬೇಕಾದ ಲಕ್ಷಣ. ದಕ್ಷಿಣ ಆಫ್ರಿಕಾದ ಏಡ್ಸ್ ಬಾಧಿತ ಪ್ರದೇಶಗಳ ಹಿನ್ನೆಲೆಯಲ್ಲಿ ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ 2010ರಲ್ಲಿ ಬರೆದ ಪ್ರಬಂಧದ ವಾದವೂ ಇದೇ ಆಗಿತ್ತು.

ಎದುರುವಾದಿ

ಪ್ರೀತಿ ತೋರಿಸಿದರೂ ತಪ್ಪು, ತೋರಿಸದಿದ್ದರೂ ತಪ್ಪು ಎನ್ನುವ ಮಟ್ಟಕ್ಕೆ ಬಂದುಬಿಟ್ಟೆವು.

ಮನೋಲಹರಿ

ಪ್ರೀತಿ ತಪ್ಪಲ್ಲ ಸರ್, ಪಾಳಿಯ ಮೇಲೆ ಬರುವ ಪ್ರೀತಿ ತಪ್ಪು.

ಮೇಷ್ಟರು

ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು, ಪಾಠದ ವಿಷಯಕ್ಕಷ್ಟೇ ಬರುತ್ತೇನೆ. ಇಂಗ್ಲಿಷ್ ಮಾತನಾಡಲು ಬಂದ ಮಾತ್ರಕ್ಕೆ ಇಂಗ್ಲಿಷ್ ಕಲಿಸಲು ಬರುವುದಿಲ್ಲ. ಮಕ್ಕಳ ಭಾಷೆ ಗೊತ್ತಿಲ್ಲದ, ಹಿಂದಿನ ವಾರ ಏನು ಕಲಿಸಲಾಗಿದೆ ಎಂದು ತಿಳಿಯದ, ಮುಂದಿನ ವಾರ ಯಾರು ಬರುತ್ತಾರೆಂದೂ ಅರಿಯದ ವ್ಯಕ್ತಿ ತರಗತಿಗೆ ಬಂದರೆ ಏನಾಗುತ್ತದೆ? ಬಣ್ಣಗಳ ಹೆಸರು, ಪ್ರಾಣಿಗಳ ಹೆಸರು, ಒಂದು ಹಾಡು. ಮುಂದಿನವರೂ ಅಲ್ಲಿಂದಲೇ ಶುರುಮಾಡುತ್ತಾರೆ. ಮಗು ವರ್ಷವಿಡೀ ಕೆಂಪು, ಹಳದಿ, ನೀಲಿಯಲ್ಲೇ ನಿಂತಿರುತ್ತದೆ.

ಅಮೆರಿಕದ ಪೀಸ್ ಕೋರ್ 1961ರಿಂದ ಸ್ವಯಂಸೇವಕರನ್ನು ಹೊರದೇಶಗಳಿಗೆ ಕಳುಹಿಸುತ್ತಿದೆ. ಅವರ ಸಾಮಾನ್ಯ ಅವಧಿ 27 ತಿಂಗಳು. ಮೊದಲ ಕೆಲವು ತಿಂಗಳು ಭಾಷೆ ಮತ್ತು ಕೆಲಸದ ತರಬೇತಿಗೇ ಮೀಸಲು. ಅವರ ಕೆಲಸದ ಬಗ್ಗೆಯೂ ಟೀಕೆಗಳಿವೆ, ಅದು ಬೇರೆ ಮಾತು. ಆದರೆ ಪರದೇಶದ ಮಕ್ಕಳ ಮುಂದೆ ನಿಲ್ಲುವುದಕ್ಕೆ ಎಷ್ಟು ಸಿದ್ಧತೆ ಬೇಕೆಂಬ ಅಂದಾಜು ಇದರಿಂದ ಸಿಗುತ್ತದೆ. ಇನ್ನೊಂದು ಮಾತು: ಹಣ ಕೊಟ್ಟು ಕೆಲಸ ಮಾಡುವ ವಿದೇಶಿಯರು ಸಾಲುಗಟ್ಟಿ ನಿಂತಿರುವಾಗ, ಸಂಬಳ ಕೊಟ್ಟು ಸ್ಥಳೀಯ ಶಿಕ್ಷಕಿಯೊಬ್ಬಳನ್ನು ನೇಮಿಸಿಕೊಳ್ಳುವ ಯೋಚನೆ ಯಾವ ಆಡಳಿತ ಮಂಡಳಿಗೆ ಬಂದೀತು?

ಕಿಟಕಿಸೀಟು

ಮೇಷ್ಟರ ಕೊನೆಯ ಸಾಲಿಗೆ ನನ್ನ ಪೂರ್ಣ ಸಹಮತವಿದೆ.

ನೆರಳು

ಇದು ಹೊಸ ವಾದವೇನೂ ಅಲ್ಲ. ಚಿಂತಕ ಇವಾನ್ ಇಲಿಚ್ 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೋಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರನ್ನು ಎದುರಿಗೆ ಕೂರಿಸಿಕೊಂಡೇ, ನೋಡಲು ಬನ್ನಿ, ಕಲಿಯಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬರ್ಥದ ಮಾತುಗಳನ್ನು ಆಡಿದ್ದರು. ಆಹ್ವಾನಿಸಿದವರನ್ನೇ ಹಾಗೆ ಝಾಡಿಸುವ ಭಾಷಣಕಾರರು ಈಗ ಸಿಗುವುದಿಲ್ಲ. ಆದರೆ ಇಲಿಚ್ ಹೇಳಿದ್ದು ಒಟ್ಟಾರೆ ಸೇವೆಯ ಅಹಂಕಾರದ ಬಗ್ಗೆ. ಮಕ್ಕಳ ವಿಷಯದಲ್ಲಿ ಅಹಂಕಾರಕ್ಕಿಂತ ದೊಡ್ಡ ಅಪಾಯವಿದೆ, ಅದನ್ನು ಇಲ್ಲಿಯವರೆಗೆ ಯಾರೂ ಎತ್ತಿಲ್ಲ.

ದಾರಿಹೋಕರೇ, ನೀವು ಒಳ್ಳೆಯವರೇ ಇರಬಹುದು. ಆದರೆ ಯಾವ ವಿಚಾರಣೆಯೂ ಇಲ್ಲದೆ ನಿಮ್ಮನ್ನು ಒಳಗೆ ಬಿಟ್ಟ ಬಾಗಿಲು ಎಲ್ಲರನ್ನೂ ಹಾಗೆಯೇ ಒಳಗೆ ಬಿಡುತ್ತದೆ. 2016ರಲ್ಲಿ ಲಂಡನ್ನಿನ ನ್ಯಾಯಾಲಯವೊಂದು ಒಬ್ಬ ಬ್ರಿಟಿಷ್ ಪ್ರಜೆಗೆ 22 ಜೀವಾವಧಿ ಶಿಕ್ಷೆಗಳನ್ನು ವಿಧಿಸಿತು. ಆತ ಮಲೇಷ್ಯಾ ಮತ್ತು ಕಾಂಬೋಡಿಯಾದ ಮಕ್ಕಳ ಮೇಲೆ ವರ್ಷಗಟ್ಟಲೆ ದೌರ್ಜನ್ಯ ಎಸಗಿದ್ದ. ಬಡ ಸಮುದಾಯಗಳ ನಡುವೆ ಇಂಗ್ಲಿಷ್ ಕಲಿಸುವವನಾಗಿ, ಸ್ವಯಂಸೇವಕನಾಗಿ ಓಡಾಡಿಕೊಂಡಿದ್ದ. ಅವನನ್ನೂ ಅಲ್ಲಿನ ಜನ ಒಳ್ಳೆಯ ಮನಸ್ಸಿನ ಪ್ರವಾಸಿಯೆಂದೇ ನಂಬಿದ್ದರು.

ಸಾಗರಿ

ನೆರಳು ಅವರು ಹೇಳಿದ್ದು ಮುಖ್ಯ. ಅಪರಾಧ ದಾಖಲೆಗಳ ಪರಿಶೀಲನಾ ಪತ್ರ, ಪರಿಚಯಸ್ಥರ ಶಿಫಾರಸು, ಮಕ್ಕಳೊಂದಿಗೆ ಒಂಟಿಯಾಗಿ ಇರಬಾರದೆಂಬ ಲಿಖಿತ ನಿಯಮ, ದೂರು ಕೊಡಲು ಗೊತ್ತಾದ ವ್ಯಕ್ತಿ, ಇವಿಷ್ಟನ್ನು ಕೇಳದ ಸಂಸ್ಥೆ ಎಷ್ಟೇ ಅಂದವಾದ ಗೋಡೆಚಿತ್ರಗಳನ್ನು ಬರೆಸಿಕೊಂಡಿದ್ದರೂ ಅಲ್ಲಿಗೆ ಹೋಗಬಾರದು. ಇವನ್ನು ಕೇಳಿದಾಗ "ನನ್ನನ್ನೇ ಅನುಮಾನಿಸುತ್ತೀರಾ" ಎಂದು ಮುನಿಸಿಕೊಳ್ಳುವ ಸ್ವಯಂಸೇವಕರನ್ನೂ ನಾನು ಕಂಡಿದ್ದೇನೆ.

ಎದುರುವಾದಿ

ಸರಿ, ಪರಿಶೀಲನೆ ಇರಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ನನ್ನ ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ನಾಳೆ ಎಲ್ಲ ಪ್ರವಾಸಿಗರೂ ಕೈ ಹಿಂದೆಗೆದುಕೊಂಡರೆ ಈಗಾಗಲೇ ಅಲ್ಲಿರುವ ಮಕ್ಕಳ ಗತಿ ಏನು?

ಸಾಗರಿ

ಈ ಪ್ರಶ್ನೆ ನ್ಯಾಯವಾದದ್ದು, ಬಾಗಿಲು ಮುಚ್ಚಿ ಮಕ್ಕಳನ್ನು ಬೀದಿಗೆ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಕಾಂಬೋಡಿಯಾ ಸರ್ಕಾರ ಯುನಿಸೆಫ್ ನೆರವಿನೊಂದಿಗೆ 2016ರಿಂದ 2018ರ ಅವಧಿಯಲ್ಲಿ ಸಂಸ್ಥೆಗಳಲ್ಲಿರುವ ಮಕ್ಕಳ ಪೈಕಿ ಶೇಕಡಾ 30ರಷ್ಟು ಮಂದಿಯನ್ನು ಸುರಕ್ಷಿತವಾಗಿ ಕುಟುಂಬಗಳಿಗೆ ಮರಳಿಸುವ ಗುರಿ ಹಾಕಿಕೊಂಡು ಕೆಲಸ ಆರಂಭಿಸಿತು. ಇದು ನಿಧಾನದ ಕೆಲಸ: ಮಗುವಿನ ಊರು ಹುಡುಕಬೇಕು, ಮನೆಯ ಪರಿಸ್ಥಿತಿ ನೋಡಬೇಕು, ಹಿಂತಿರುಗಿಸಿದಮೇಲೂ ಸಮಾಜ ಕಾರ್ಯಕರ್ತರು ಹೋಗಿ ಬರುತ್ತಿರಬೇಕು. ನೇಪಾಳದಲ್ಲಿ ನೆಕ್ಸ್ಟ್ ಜನರೇಶನ್ ನೇಪಾಳ್ ಸಂಸ್ಥೆ 2006ರಿಂದ ಮಾಡುತ್ತಿರುವುದೂ ಇದೇ. ಅಲ್ಲಿ ಅಂತರ್ಯುದ್ಧದ ಕಾಲದಲ್ಲಿ ಹುಮ್ಲಾದಂಥ ದುರ್ಗಮ ಜಿಲ್ಲೆಗಳ ತಂದೆತಾಯಿಗಳು, ಮಕ್ಕಳನ್ನು ಓದಿಸುತ್ತೇವೆ ಎಂದ ದಲ್ಲಾಳಿಗಳ ಕೈಗೆ ಹಣ ಕೊಟ್ಟು ಮಕ್ಕಳನ್ನು ಒಪ್ಪಿಸಿದ್ದರು. 2015ರ ಏಪ್ರಿಲ್ ಭೂಕಂಪದ ನಂತರ ಅದೇ ಕಥೆ ಮರುಕಳಿಸದಿರಲೆಂದು ನೇಪಾಳ ಸರ್ಕಾರ ಹೊಸ ಅನಾಥಾಲಯಗಳ ನೋಂದಣಿಯನ್ನು ತಡೆಹಿಡಿದು, ಪೋಷಕರಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಸಾಗಿಸುವುದನ್ನು ನಿರ್ಬಂಧಿಸಿತು.

ಮಗುವನ್ನು ಸಂಸ್ಥೆಯಲ್ಲಿ ಇಟ್ಟು ಸಾಕುವುದಕ್ಕಿಂತ ಮನೆಯಲ್ಲಿ ಉಳಿಸಿಕೊಳ್ಳಲು ಕುಟುಂಬಕ್ಕೆ ನೆರವಾಗುವುದು ಸಾಮಾನ್ಯವಾಗಿ ಕಡಿಮೆ ಖರ್ಚಿನ ದಾರಿ. ಆದರೆ ಮನೆಯಲ್ಲಿರುವ ಮಗುವಿನ ಜೊತೆ ವಿದೇಶಿಯರಿಗೆ ಫೋಟೊ ಸಿಗುವುದಿಲ್ಲ, ಅದಕ್ಕೇ ಅತ್ತ ಹಣ ಹರಿಯುವುದಿಲ್ಲ.

ನೆರಳು

ಕಾನೂನಿನ ಮಾತನ್ನೂ ಸೇರಿಸುತ್ತೇನೆ. ಲಾಭಕ್ಕಾಗಿ ಮಕ್ಕಳನ್ನು ಅನಾಥಾಲಯಗಳಿಗೆ ಸಾಗಿಸುವುದು ಆಧುನಿಕ ಗುಲಾಮಗಿರಿಯ ಒಂದು ರೂಪ ಎಂದು ಆಸ್ಟ್ರೇಲಿಯಾ 2018ರ ತನ್ನ ಆಧುನಿಕ ಗುಲಾಮಗಿರಿ ಕಾಯಿದೆಯ ಸಂದರ್ಭದಲ್ಲಿ ಗುರುತಿಸಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿಯೂ ಅನಾಥಾಲಯದ ಸ್ವಯಂಸೇವೆ ಮತ್ತು ಪ್ರವಾಸದಿಂದಾಗುವ ಹಾನಿಯ ಪ್ರಸ್ತಾಪವಿದೆ. ಇದರ ಜೊತೆಗೆ ವೀಸಾ ತೊಡಕು: ನೇಪಾಳದಲ್ಲಿ ಪ್ರವಾಸಿ ವೀಸಾದ ಮೇಲೆ ಸಂಬಳವಿಲ್ಲದ ಸ್ವಯಂಸೇವೆಗೂ ಅವಕಾಶವಿಲ್ಲ, ಥಾಯ್ಲೆಂಡಿನಲ್ಲಿ ಕೆಲಸದ ಪರವಾನಗಿ ಬೇಕಾಗುತ್ತದೆ. ಪ್ರವಾಸಿ ವೀಸಾದಲ್ಲೇ ಬನ್ನಿ, ಯಾರೂ ಕೇಳುವುದಿಲ್ಲ ಎನ್ನುವ ಸಂಸ್ಥೆ ಇನ್ಯಾವ ನಿಯಮವನ್ನು ಪಾಲಿಸುತ್ತಿದ್ದೀತು?

ಕಿಟಕಿಸೀಟು

ಫೋಟೊ ವಿಷಯ ಬಂದದ್ದಕ್ಕೆ ಹೇಳುತ್ತೇನೆ. 2016ರಲ್ಲಿ ಇನ್‌ಸ್ಟಾಗ್ರಾಂನಲ್ಲಿ ಬಾರ್ಬಿ ಸೇವಿಯರ್ ಎಂಬ ಅಣಕು ಖಾತೆ ಬಂದಿತ್ತು. ಬಾರ್ಬಿ ಗೊಂಬೆ ಆಫ್ರಿಕಾಕ್ಕೆ ಹೋಗಿ ಮಕ್ಕಳ ಜೊತೆ ಸೆಲ್ಫಿ ತೆಗೆದುಕೊಳ್ಳುವ ಚಿತ್ರಗಳವು. ನೋಡಿ ನಕ್ಕವರೆಲ್ಲರೂ ಆಮೇಲೆ ತಮ್ಮ ಹಳೆಯ ಫೋಟೊಗಳನ್ನು ಹುಡುಕಿ ಅಳಿಸಿದ್ದಾರೆ ಎಂದು ನನ್ನ ಗುಮಾನಿ.

ದಾರಿಹೋಕ

ಇಷ್ಟು ಉತ್ತರಗಳಿಗೆ ಧನ್ಯವಾದ. ಸಾಗರಿಯವರು ಹೇಳಿದ ಪ್ರಶ್ನೆಗಳನ್ನೇ ಆ ಅನಾಥಾಲಯಕ್ಕೆ ಬರೆದು ಕಳುಹಿಸಿದೆ: ಪರಿಶೀಲನಾ ಪತ್ರ ಬೇಡವೇ, ಮಕ್ಕಳ ರಕ್ಷಣೆಯ ಲಿಖಿತ ನೀತಿ ಇದೆಯೇ, ಮಕ್ಕಳ ಕುಟುಂಬಗಳ ಜೊತೆ ಸಂಪರ್ಕವಿದೆಯೇ ಎಂದು. "ಚಿಂತೆ ಬೇಡ, ಮುಂಗಡ ಹಣ ಕಳುಹಿಸಿದರೆ ಕೊಠಡಿ ಕಾಯ್ದಿರಿಸುತ್ತೇವೆ" ಎಂಬುದಷ್ಟೇ ಉತ್ತರ. ಅಲ್ಲಿಗೆ ಹೋಗುವುದಿಲ್ಲ. ಆದರೆ ಏನೂ ಮಾಡದೆ ಬರುವುದೂ ನನಗೆ ಇಷ್ಟವಿಲ್ಲ. ಬೇಡವೆಂದು ಹೇಳಿದ್ದೀರಿ, ಏನು ಮಾಡಬಹುದೆಂದು ಯಾರೂ ಹೇಳಿಲ್ಲ.

ಅಲೆಮಾರಿ

ನಿಮ್ಮ ದಾರಿಯಲ್ಲೇ ಇರುವ ಕೆಲವನ್ನು ಹೇಳುತ್ತೇನೆ. ಲಾವೋಸಿನ ಲುವಾಂಗ್ ಪ್ರಬಾಂಗ್‌ನಲ್ಲಿ ಬಿಗ್ ಬ್ರದರ್ ಮೌಸ್ ಎಂಬ ಪ್ರಕಾಶನ ಸಂಸ್ಥೆ 2006ರಿಂದ ಲಾವೊ ಭಾಷೆಯಲ್ಲಿ ಮಕ್ಕಳ ಪುಸ್ತಕಗಳನ್ನು ಪ್ರಕಟಿಸುತ್ತಿದೆ. ಅಲ್ಲಿನ ತರುಣ ತರುಣಿಯರು ಇಂಗ್ಲಿಷ್ ಮಾತನಾಡಿ ರೂಢಿ ಮಾಡಿಕೊಳ್ಳಲು ಬರುತ್ತಾರೆ, ಪ್ರವಾಸಿಗರು ಹೋಗಿ ಅವರೊಡನೆ ಒಂದೆರಡು ಗಂಟೆ ಹರಟಬಹುದು. ಶುಲ್ಕವಿಲ್ಲ, ಪಾಠದ ನಾಟಕವಿಲ್ಲ, ನೀವು ಹೊರಟುಹೋದರೆ ಯಾರಿಗೂ ನೋವಿಲ್ಲ. ಅಲ್ಲಿ ಬೇಕಾಗಿರುವುದೇ ಹೊಸ ಹೊಸ ಜನರ ಮಾತು ಆದ್ದರಿಂದ ನಿಮ್ಮ ಅಲೆದಾಟವೇ ಅನುಕೂಲ.

ಹನೋಯ್‌ನಲ್ಲಿ 1999ರಲ್ಲಿ ಶುರುವಾದ ಕೋಟೋ, ನಾಮ್ ಪೆನ್‌ನಲ್ಲಿ ಫ್ರೆಂಡ್ಸ್ ಇಂಟರ್‌ನ್ಯಾಷನಲ್‌ನವರ ತರಬೇತಿ ರೆಸ್ಟೋರೆಂಟ್‌ಗಳು ಕಷ್ಟದಲ್ಲಿ ಬೆಳೆದ ಯುವಕ ಯುವತಿಯರಿಗೆ ಅಡುಗೆ ಮತ್ತು ಹೋಟೆಲ್ ಕೆಲಸ ಕಲಿಸುತ್ತವೆ. ಅಲ್ಲಿ ಉಂಡು ಬಿಲ್ ಕೊಡಿ. ಸಿಯೆಮ್ ರೀಪ್‌ನಲ್ಲಿ ಫಾರ್ ಸರ್ಕಸ್ ನೋಡಿ. ಬಟ್ಟಂಬಾಂಗ್‌ನಲ್ಲಿರುವ ಅವರ ಕಲಾಶಾಲೆ 1994ರಿಂದ ನಡೆದುಕೊಂಡು ಬಂದಿದೆ, ಟಿಕೆಟ್ ಹಣ ಅದಕ್ಕೂ ಸಲ್ಲುತ್ತದೆ. ದೇವಾಲಯದ ಬಾಗಿಲಲ್ಲಿ ಪೋಸ್ಟ್‌ಕಾರ್ಡ್ ಮಾರುವ ಮಗುವಿನಿಂದ ಮಾತ್ರ ಏನನ್ನೂ ಕೊಳ್ಳಬೇಡಿ, ಕೊಂಡಷ್ಟೂ ಆ ಮಗು ಶಾಲೆಯಿಂದ ದೂರ.

ಎದುರುವಾದಿ

ಊಟ ಮಾಡಿ ಬಿಲ್ ಕೊಡುವುದನ್ನೂ ಸೇವೆ ಎಂದು ಕರೆಯುವುದಾದರೆ ನಾನು ಪ್ರತಿದಿನ ಸೇವೆ ಮಾಡುತ್ತಿದ್ದೇನೆ.

ಮೇಷ್ಟರು

ಯಾರೂ ಅದನ್ನು ಸೇವೆ ಎಂದು ಕರೆದಿಲ್ಲ. ಕೆಲಸಕ್ಕೆ ಬರುತ್ತದೆ ಎಂದಷ್ಟೇ ಹೇಳಿದ್ದಾರೆ.

ನರ್ಸಕ್ಕ

ಇಷ್ಟು ಚರ್ಚೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಬೀಟ್ ರಿಕ್ನರ್ ಕಾಂಬೋಡಿಯಾದಲ್ಲಿ ಕಂಥಾ ಬೋಫಾ ಆಸ್ಪತ್ರೆಗಳನ್ನು ಕಟ್ಟಿ, ಮಕ್ಕಳಿಗೆ ಉಚಿತ ಚಿಕಿತ್ಸೆ ಕೊಟ್ಟವರು. ಅವರು 2018ರಲ್ಲಿ ತೀರಿಕೊಂಡರು, ಆಸ್ಪತ್ರೆಗಳು ನಡೆಯುತ್ತಿವೆ. ಸಿಯೆಮ್ ರೀಪ್‌ನಲ್ಲಿರುವ ಜಯವರ್ಮನ್ ಏಳನೆಯವನ ಹೆಸರಿನ ಆಸ್ಪತ್ರೆಯಲ್ಲಿ ಅವರು ಚೆಲ್ಲೊ ನುಡಿಸಿ ಪ್ರವಾಸಿಗರ ಮುಂದೆ ಬೇಡಿಕೆ ಇಡುತ್ತಿದ್ದರು: ಯುವಕರು ರಕ್ತ ಕೊಡಿ, ವಯಸ್ಸಾದವರು ಹಣ ಕೊಡಿ, ನಡುವಿನವರು ಎರಡನ್ನೂ ಕೊಡಿ ಎಂದು. ಮಳೆಗಾಲದಲ್ಲಿ ಡೆಂಗಿ ಹೆಚ್ಚಿದಾಗ ರಕ್ತಸ್ರಾವವಾಗುವ ಮಕ್ಕಳಿಗೆ ರಕ್ತದ ಅಗತ್ಯ ಬಹಳ. ದಾರಿಹೋಕರೇ, ಭಾಷೆ ಬೇಡ, ಅನುಭವ ಬೇಡ, ಯಾವ ದಿನ ಬೇಕಾದರೂ ಹೋಗಬಹುದು ಎಂದು ನೀವು ಬಯಸಿದ್ದೆಲ್ಲ ಇಲ್ಲಿ ನಿಜವಾಗಿಯೂ ಅನ್ವಯಿಸುತ್ತದೆ.

ಎದುರುವಾದಿ

ಇದಕ್ಕೆ ನನ್ನ ತಕರಾರಿಲ್ಲ. ಆದರೂ ಒಳ್ಳೆಯ ಅನಾಥಾಲಯಗಳೂ ಇವೆ ಎಂಬ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸಾಗರಿ

ತೆಗೆದುಕೊಳ್ಳಬೇಡಿ. ಅಂಥವು ಅಪರಿಚಿತ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ನಮ್ಮಿಬ್ಬರ ಜಗಳ ಮುಂದುವರಿದರೂ ದಾರಿಹೋಕರಿಗೆ ತೊಂದರೆಯಿಲ್ಲ.

ದಾರಿಹೋಕ

ನರ್ಸಕ್ಕ, ಇದು ನನಗೆ ಹಿಡಿಸಿತು. ಹೋಗುವ ಮುನ್ನ ಗಮನಿಸಬೇಕಾದದ್ದು ಏನಾದರೂ ಇದೆಯೇ? ಆ ದಿನವೇ ಸೈಕಲ್ ಬಾಡಿಗೆಗೆ ಪಡೆದು ದೇವಾಲಯಗಳನ್ನೂ ಸುತ್ತಬಹುದೇ?

ನರ್ಸಕ್ಕ

ಇತ್ತೀಚೆಗೆ ಹಚ್ಚೆ ಹಾಕಿಸಿಕೊಂಡಿದ್ದರೆ, ಜ್ವರ ಬಂದಿದ್ದರೆ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಬೇಡವೆಂದರೆ ಬೇಸರಿಸಬೇಡಿ. ಪಾಸ್‌ಪೋರ್ಟ್ ಜೊತೆಗಿರಲಿ. ಹೊಟ್ಟೆ ತುಂಬ ಉಂಡು, ಚೆನ್ನಾಗಿ ನೀರು ಕುಡಿದು ಹೋಗಿ. ರಕ್ತ ಕೊಟ್ಟ ದಿನ ಆ ಬಿಸಿಲಿನಲ್ಲಿ ಸೈಕಲ್ ತುಳಿಯುವುದಾಗಲಿ, ಬಾಯೋನ್ ದೇವಾಲಯದ ಮೆಟ್ಟಿಲು ಹತ್ತುವುದಾಗಲಿ ಖಂಡಿತ ಬೇಡ. ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.